ಸೊನ್ನೆ ಕಳೆಯುವ ಲೆಕ್ಕ: ಮರುಬಳಕೆಯ ನೀರು ಮತ್ತು ಅದರೊಳಗಿನ ಬ್ಯಾಕ್ಟೀರಿಯಾ

(ಕೋಲಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಕ್ಕೆ ಜಗಳವಿಲ್ಲದ ವಿಷಯ ಆರಿಸಿಕೊಳ್ಳುವುದು ವಾಡಿಕೆ. ಕವಿಯ ಬಗ್ಗೆಯೋ ಕಾಯಕದ ಬಗ್ಗೆಯೋ ಮಾತನಾಡಿದರೆ ಹಾರ ಹಾಕಿಸಿಕೊಂಡು ನೆಮ್ಮದಿಯಾಗಿ ಊರಿಗೆ ಹೋಗಬಹುದು. ಕೋಲಾರಕ್ಕೆ ಬಂದು ಬೆಂಗಳೂರಿನ ಕೊಳಚೆ ನೀರಿನ ಬಗ್ಗೆ ಮಾತನಾಡುವವನಿಗೆ ಆ ನೆಮ್ಮದಿ ಇಲ್ಲ. ಆದರೂ ಇದನ್ನೇ ಆರಿಸಿದ್ದೇನೆ. ನನ್ನ ವೃತ್ತಿ ಸೂಕ್ಷ್ಮಜೀವಿಗಳನ್ನು ಎಣಿಸುವುದು, ಅವು ಈ ಜಿಲ್ಲೆಯ ಕೆರೆಗಳಿಗೆ ಪೈಪಿನಲ್ಲಿ ಬರುತ್ತಿರುವಾಗ ಬೇರೆ ವಿಷಯ ಹುಡುಕುವುದು ನ್ಯಾಯವಲ್ಲ.

ಹಿನ್ನೆಲೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ನಾವೆಲ್ಲ ಕೆ.ಸಿ. ವ್ಯಾಲಿ ಎನ್ನುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬುದು ಯೋಜನೆಯ ಗುರಿ. ಬಂದ ಮುಂದಿನ ತಿಂಗಳೇ ನೊರೆ ಎದ್ದಿತು, ವಿಷಯ ಕೋರ್ಟಿಗೆ ಹೋಯಿತು, ತಡೆ ಬಂತು, ತೆರವಾಯಿತು. ಅದಾದ ಮೇಲೆ ಬತ್ತಿಹೋಗಿದ್ದ ಕೊಳವೆ ಬಾವಿಗಳಲ್ಲಿ ನೀರು ಕಾಣಿಸಿಕೊಂಡದ್ದೂ ನಿಜ. ಸಾವಿರ, ಸಾವಿರದ ಐನೂರು ಅಡಿ ಕೊರೆದು ಫ್ಲೋರೈಡ್ ಕುಡಿದವರ ನಾಡಿನಲ್ಲಿ ಅದು ಸಣ್ಣ ಮಾತಲ್ಲ. ಹೀಗಾಗಿ ಇಲ್ಲಿ ಒಂದೇ ಮನೆಯಲ್ಲಿ ಅಣ್ಣ ಈ ನೀರನ್ನು ವಿಷ ಎನ್ನುತ್ತಾನೆ, ತಮ್ಮ ಗಂಗೆ ಎನ್ನುತ್ತಾನೆ. ನನ್ನ ಪರಿಚಯ ಗೊತ್ತಾದ ಕೂಡಲೇ ಇಬ್ಬರೂ ಕೇಳುವ ಪ್ರಶ್ನೆ ಒಂದೇ: ‘ಸಾರ್, ಈ ನೀರು ಒಳ್ಳೇದಾ, ಕೆಟ್ಟದ್ದಾ?’

ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವಿಲ್ಲ. ಯಾವುದಕ್ಕೆ ಬಳಸುವ ನೀರು, ಯಾವ ದಿನದ ನೀರು, ಯಾರ ನಿಗಾದಲ್ಲಿರುವ ನೀರು ಎಂದು ಕೇಳಿದರೆ ಉತ್ತರ ಹೇಳಬಹುದು. ಮುಂದಿನ ಮಾತೆಲ್ಲ ಈ ಮೂರರ ಸುತ್ತಲೇ ಇರುತ್ತದೆ. ಲೋಹದ ಅಂಶ, ಡಿಟರ್ಜೆಂಟು, ಔಷಧದ ಶೇಷ ಇವೆಲ್ಲ ಬೇರೆ ಅಧ್ಯಾಯ. ಅವುಗಳನ್ನು ಇನ್ನೊಬ್ಬರಿಗೆ ಬಿಡುತ್ತೇನೆ. ಇವತ್ತು ಬ್ಯಾಕ್ಟೀರಿಯಾ ಮಾತ್ರ.

ಮೊದಲು ಲೆಕ್ಕ. ಸಂಸ್ಕರಿಸದ ಚರಂಡಿ ನೀರಿನ 100 ಮಿಲಿಲೀಟರಿನಲ್ಲಿ, ಅಂದರೆ ಅರ್ಧ ಲೋಟದಷ್ಟರಲ್ಲಿ, ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೆ ಇ. ಕೋಲಿ ಇರುತ್ತವೆ. 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೋಡರ್ ಎಷರಿಚ್ ಶಿಶುಗಳ ಮಲದಲ್ಲಿ ಕಂಡು ವಿವರಿಸಿದ ಬ್ಯಾಕ್ಟೀರಿಯಾ ಇದು. ಇದರ ಬಹುಪಾಲು ತಳಿಗಳು ನಿರುಪದ್ರವಿಗಳು, ನಮ್ಮ ನಿಮ್ಮ ಕರುಳಿನಲ್ಲಿ ಈಗಲೂ ಇವೆ. ನೀರಿನಲ್ಲಿ ಇವನ್ನು ಹುಡುಕುವುದಕ್ಕೆ ಕಾರಣವೇ ಬೇರೆ. ಇದು ಸಿಕ್ಕಿದರೆ ಮಲ ಸೇರಿದೆ ಎಂದರ್ಥ. ಮಲ ಸೇರಿದ್ದರೆ ಅದರ ಜೊತೆ ಟೈಫಾಯ್ಡಿನ ಸಾಲ್ಮೊನೆಲ್ಲಾ, ಕಾಲರಾದ ವಿಬ್ರಿಯೊ, ಆಮಶಂಕೆಯ ಶಿಗೆಲ್ಲಾ ಇರಬಹುದು. ಶಿಗೆಲ್ಲಾ ಹತ್ತರಿಂದ ನೂರು ಹೊಟ್ಟೆ ಸೇರಿದರೂ ಸಾಕು, ಕಾಯಿಲೆ ಬರುತ್ತದೆ.

ಇನ್ನು ಸಂಸ್ಕರಣೆ. ಚರಂಡಿ ನೀರಿಗೆ ಗಾಳಿ ಊದಿ, ಅದರಲ್ಲಿರುವ ಬ್ಯಾಕ್ಟೀರಿಯಾಗಳಿಗೇ ಕೊಳೆಯನ್ನು ತಿನ್ನಿಸಿ, ತಿಂದು ಕೊಬ್ಬಿದ ಬ್ಯಾಕ್ಟೀರಿಯಾಗಳನ್ನು ಕೆಸರಾಗಿ ತಳಕ್ಕೆ ಇಳಿಸುವ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡನ್ ಮತ್ತು ಲಾಕೆಟ್ ಪ್ರಕಟಿಸಿದರು. ನೂರು ವರ್ಷ ಕಳೆದರೂ ಜಗತ್ತಿನ ದೊಡ್ಡ ನಗರಗಳು ಹೆಚ್ಚಾಗಿ ನಂಬಿರುವುದು ಇದನ್ನೇ. ಇದು ಎರಡನೇ ಹಂತದ ಸಂಸ್ಕರಣೆ. ಇದನ್ನು ರೂಪಿಸಿದ್ದು ನದಿಯ ಮೀನು ಉಸಿರು ಕಟ್ಟಿ ಸಾಯಬಾರದು ಎಂದು, ಮನುಷ್ಯನಿಗೆ ಭೇದಿ ಆಗಬಾರದು ಎಂದಲ್ಲ. ಬ್ಯಾಕ್ಟೀರಿಯಾ ಕಡಿಮೆಯಾಗುವುದು ಅದರ ಜೊತೆಗೆ ಸಿಗುವ ಲಾಭ. ಚೆನ್ನಾಗಿ ನಡೆಯುವ ಘಟಕದಲ್ಲಿ ಅದು ಶೇ. 90ರಿಂದ 99.

ಶೇ. 99 ಎಂದ ಕೂಡಲೇ ಸಭೆಯಲ್ಲಿ ತಲೆಗಳು ಆಡುತ್ತವೆ. ಒಂದು ಕೋಟಿ ಸಾಲದಲ್ಲಿ 99 ಲಕ್ಷ ತೀರಿಸಿದವನೂ ಲಕ್ಷದ ಸಾಲಗಾರನೇ ಅಲ್ಲವೆ? ಕೋಟಿ ಇ. ಕೋಲಿಯಲ್ಲಿ 99 ಭಾಗ ಹೋದರೂ ಅರ್ಧ ಲೋಟದಲ್ಲಿ ಒಂದು ಲಕ್ಷ ಉಳಿಯುತ್ತವೆ. ಅದಕ್ಕೇ ನಮ್ಮ ಶಾಸ್ತ್ರದಲ್ಲಿ ಶೇಕಡದ ಮಾತನ್ನು ಬಿಟ್ಟು ಸೊನ್ನೆಗಳನ್ನು ಎಣಿಸುತ್ತಾರೆ. ಕೋಟಿಗೆ ಏಳು ಸೊನ್ನೆ. ಎರಡನೇ ಹಂತ ಒಂದೋ ಎರಡೋ ಸೊನ್ನೆ ಅಳಿಸುತ್ತದೆ. 2017ರ ಕೇಂದ್ರದ ಅಧಿಸೂಚನೆಯ ಪ್ರಕಾರ ಹೊರಬಿಡುವ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್, ಅಂದರೆ ಇ. ಕೋಲಿ ಸೇರಿದ ಗುಂಪು, ಅದೇ ಅರ್ಧ ಲೋಟಕ್ಕೆ ಸಾವಿರಕ್ಕಿಂತ ಕಡಿಮೆ ಇರಬೇಕು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಗರಿಷ್ಠ 230ಕ್ಕೆ ಇಳಿಸಿತು, 100 ಇದ್ದರೆ ಒಳ್ಳೆಯದು ಎಂದಿತು. ಲಕ್ಷದಿಂದ 230ಕ್ಕೆ ಬರಲು ಇನ್ನೂ ಎರಡೂವರೆ ಸೊನ್ನೆಗೂ ಹೆಚ್ಚು ಕಳೆಯಬೇಕು. ನೀರು ಕಣ್ಣಿಗೆ ತಿಳಿಯಾಗಿದ್ದರೂ, ವಾಸನೆ ಇಲ್ಲದಿದ್ದರೂ ಈ ಲೆಕ್ಕದಲ್ಲಿ ಒಂದು ಸೊನ್ನೆಯೂ ಹೆಚ್ಚುಕಡಿಮೆ ಆಗುವುದಿಲ್ಲ.

ಉಳಿದ ಸೊನ್ನೆಗಳನ್ನು ಕಳೆಯುವುದು ಸೋಂಕು ನಿವಾರಣೆಯ ಕೆಲಸ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಹೆಚ್ಚಿನ ಅನಾಹುತ ಆಗುವುದು ಇಲ್ಲಿಯೇ.

ಕ್ಲೋರಿನ್ ಎಲ್ಲರಿಗೂ ಗೊತ್ತು. ನೀರಿನಲ್ಲಿ ಬೇರೇನೂ ಅಡ್ಡಿಯಿಲ್ಲದಿದ್ದರೆ ಮುಕ್ತ ಕ್ಲೋರಿನ್ನಿಗೆ ಇ. ಕೋಲಿಯನ್ನು ಕೊಲ್ಲಲು ಒಂದು ನಿಮಿಷವೂ ಬೇಡ. ಆದರೆ ಚರಂಡಿ ನೀರಿನಲ್ಲಿ ಅಡ್ಡಿಯೇ ಹೆಚ್ಚು, ಅದರಲ್ಲಿ ಮುಖ್ಯವಾದದ್ದು ಅಮೋನಿಯಾ. ಮೂತ್ರದಿಂದ ಬರುವ ಅಮೋನಿಯಾ ಕ್ಲೋರಿನ್ನಿನ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಅದೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಅಷ್ಟೇ ಕೆಲಸಕ್ಕೆ ನೂರಾರು ಪಟ್ಟು ಹೆಚ್ಚು ಸಮಯ ಬೇಡುತ್ತದೆ. ಅಮೋನಿಯಾವನ್ನೆಲ್ಲ ಮುಗಿಸಿ ಮುಕ್ತ ಕ್ಲೋರಿನ್ ಉಳಿಯಬೇಕಾದರೆ ಅಮೋನಿಯಾದ ಸಾರಜನಕದ ತೂಕಕ್ಕಿಂತ ಕ್ಲೋರಿನ್ ಸುಮಾರು ಎಂಟರಿಂದ ಹತ್ತು ಪಟ್ಟು ಬೇಕು.

ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ, ಅಂದರೆ ಚರಂಡಿ ನೀರಿನ ಸಂಸ್ಕರಣಾ ಘಟಕಕ್ಕೆ, ಹೋಗೋಣ. ಯಾವ ಅಪಾರ್ಟ್‌ಮೆಂಟ್ ಎಂದು ಕೇಳಬೇಡಿ, ಇಂಥವು ಬೇಕಾದಷ್ಟಿವೆ. ಗಾಳಿ ಊದುವ ಬ್ಲೋವರ್ ಸದ್ದು ಮಾಡುತ್ತದೆ, ನಿದ್ದೆ ಬರುವುದಿಲ್ಲ ಎಂದು ಮೊದಲ ಮಹಡಿಯವರು ದೂರುತ್ತಾರೆ. ಕರೆಂಟ್ ಬಿಲ್ ನೋಡಿ ಸಂಘದ ಖಜಾಂಚಿಯೂ ಅದಕ್ಕೆ ದನಿಗೂಡಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಬ್ಲೋವರ್ ಬಂದ್. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವ ಜಾತಿ, ಆಮ್ಲಜನಕವಿಲ್ಲದೆ ಅವುಗಳ ಕೆಲಸ ನಿಲ್ಲುತ್ತದೆ. ಹೊರಬರುವ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಅಮೋನಿಯಾ ಸಾರಜನಕ ಉಳಿಯಿತು ಅನ್ನಿ. ಮುಕ್ತ ಕ್ಲೋರಿನ್ ಸಿಗಬೇಕಾದರೆ ಲೀಟರಿಗೆ 160ರಿಂದ 200 ಮಿಲಿಗ್ರಾಂ ಕ್ಲೋರಿನ್ ಸುರಿಯಬೇಕು. ಆಪರೇಟರ್ ಹಾಕುವುದು ಎಂದಿನಂತೆ ಐದೋ ಹತ್ತೋ. ಹಾಕುವ ಹೈಪೋಕ್ಲೋರೈಟ್ ದ್ರಾವಣವೂ ತಗಡಿನ ಶೆಡ್ಡಿನಲ್ಲಿ ಬೇಸಿಗೆಯ ಬಿಸಿಗೆ ವಾರದಿಂದ ವಾರಕ್ಕೆ ಶಕ್ತಿ ಕಳೆದುಕೊಂಡಿರುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ‘ಕ್ಲೋರಿನ್ ಹಾಕಲಾಗಿದೆ’ ಎಂದು ದಿನವೂ ಬರೆದಿರುತ್ತದೆ. ಬರೆದದ್ದು ಸುಳ್ಳಲ್ಲ, ಕ್ಲೋರಿನ್ ಹಾಕಿದ್ದೂ ನಿಜ. ಕೊಲ್ಲಬೇಕಾದದ್ದು ಸಾಯಲಿಲ್ಲ, ಅಷ್ಟೆ.

ಈ ಪ್ರಸಂಗವನ್ನು ವಿವರವಾಗಿ ಹೇಳಲು ಕಾರಣವಿದೆ. ಬ್ಯಾಕ್ಟೀರಿಯಾದ ಅಪಾಯ ಯಂತ್ರದ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿ ಬ್ಲೋವರ್ ನಿಲ್ಲಿಸಿದವನಿಗೂ ಬೆಳಿಗ್ಗೆ ಹುಲ್ಲುಹಾಸಿನ ಮೇಲೆ ಆಡುವ ಮಗುವಿಗೂ ನಡುವೆ ಅಮೋನಿಯಾ ಇದೆ ಎಂದು ಆ ಕಟ್ಟಡದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಆಪರೇಟರಿಗೆ ನಾವು ಕೊಡುವ ಸಂಬಳ, ತರಬೇತಿ ನೋಡಿದರೆ ಅವನಿಂದ ಅದನ್ನು ನಿರೀಕ್ಷಿಸುವುದು ನಾಚಿಕೆಗೇಡು. ಕೋಟ್ಯಂತರ ರೂಪಾಯಿಯ ಫ್ಲ್ಯಾಟುಗಳ ಆರೋಗ್ಯವನ್ನು ಕೆಲಸದ ಭದ್ರತೆಯೇ ಇಲ್ಲದ ಹುಡುಗನ ಕೈಗೆ ಕೊಟ್ಟು, ಅವನ ಹೆಸರನ್ನೂ ಕೇಳದೆ ಲಿಫ್ಟ್ ಹತ್ತುತ್ತೇವೆ.

ಯುವಿ, ಅಂದರೆ ನೇರಳಾತೀತ ದೀಪದ ಕಥೆ ಚಿಕ್ಕದು. 254 ನ್ಯಾನೋಮೀಟರಿನ ಕಿರಣ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಕೆಡಿಸುತ್ತದೆ, ಅದು ಸಂತಾನ ಬೆಳೆಸಲಾರದು. ಅಮೋನಿಯಾ ಇದ್ದರೂ ಕೆಲಸ ಕೆಡುವುದಿಲ್ಲ. ಆದರೆ ನೀರು ಕದಡಿದ್ದರೆ ಕಣಗಳ ಮರೆಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಕಿರಣ ತಾಗುವುದಿಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ದೀಪದ ಸ್ಫಟಿಕ ಕೊಳವೆಯ ಮೇಲೆ ಸುಣ್ಣ ಕಟ್ಟುತ್ತದೆ. ಒಳಗೆ ದೀಪ ಉರಿಯುತ್ತಿದ್ದರೂ ಹೊರಗೆ ಬೆಳಕು ಬರುವುದಿಲ್ಲ. ಇನ್ನೊಂದು ಮಾತು: ಯುವಿಗೆ ಒಳಗಾದ ನೀರನ್ನು ಬಿಸಿಲಿಗೆ ತೆರೆದಿಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಅದೇ ಬೆಳಕಿನ ನೆರವಿನಿಂದ ತಮ್ಮ ಡಿಎನ್‌ಎ ರಿಪೇರಿ ಮಾಡಿಕೊಂಡು ಮತ್ತೆ ಏಳುತ್ತವೆ. ಕ್ಲೋರಿನ್ನಿನಂತೆ ಪೈಪಿನುದ್ದಕ್ಕೂ ಕಾವಲಿರುವ ಗುಣ ಯುವಿಗೆ ಇಲ್ಲ. ಅದಕ್ಕೇ ಬಲ್ಲವರು ಎರಡನ್ನೂ ಇಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ಪರೀಕ್ಷೆ. ಪ್ರಯೋಗಾಲಯದಲ್ಲಿ ಕೋಲಿಫಾರ್ಮ್ ಎಣಿಸಲು ಕಡಿಮೆಯೆಂದರೂ ಒಂದು ದಿನ ಬೇಕು. ಕೊಳವೆಗಳ ಸಾಲು ಇಡುವ ಹಳೆಯ ಪದ್ಧತಿಯಲ್ಲಿ ಎರಡು ಮೂರು ದಿನವೂ ಆಗುತ್ತದೆ. ವರದಿ ಬರುವಷ್ಟರಲ್ಲಿ ನೀರು ಕೆರೆ ದಾಟಿ ಹೊಲ ಸೇರಿರುತ್ತದೆ. ತಿಂಗಳಿಗೊಮ್ಮೆ ಬಾಟಲಿ ತುಂಬಿಸಿ ಕಳಿಸುವ ಪದ್ಧತಿ ಆ ತಿಂಗಳ ಒಂದು ಗಂಟೆಯ ಬಗ್ಗೆ ಮಾತ್ರ ಸತ್ಯ ಹೇಳುತ್ತದೆ. ಆಹಾರ ಉದ್ಯಮದವರು ಈ ತೊಡಕನ್ನು 1960ರ ದಶಕದಲ್ಲೇ ಕಂಡಿದ್ದರು. ಗಗನಯಾತ್ರಿಗಳ ಊಟವನ್ನು ತಯಾರಾದ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ, ತಯಾರಾಗುವಾಗಲೇ ಪ್ರತಿ ನಿರ್ಣಾಯಕ ಹಂತದ ಮೇಲೆ ಕಣ್ಣಿಡಬೇಕು ಎಂದು ನಾಸಾದ ಜೊತೆ ಕೆಲಸ ಮಾಡಿದ ಪಿಲ್ಸ್‌ಬರಿ ಕಂಪನಿ ಒಂದು ಕ್ರಮ ರೂಪಿಸಿತು. ನೀರಿನವರು ಅದನ್ನೇ ಎರವಲು ಪಡೆದಿದ್ದಾರೆ. ನೀರಿನ ಕದಡು, ಉಳಿಕೆ ಕ್ಲೋರಿನ್, ಯುವಿ ಬೆಳಕಿನ ತೀವ್ರತೆ, ಅಮೋನಿಯಾ ಇವನ್ನು ಮೀಟರ್ ಇಟ್ಟು ನಿಮಿಷ ನಿಮಿಷಕ್ಕೂ ನೋಡಬಹುದು. ಇವು ಮಿತಿಯಲ್ಲಿದ್ದರೆ ಬ್ಯಾಕ್ಟೀರಿಯಾ ಮಿತಿಯಲ್ಲಿವೆ ಎಂದು ನಂಬಲು ಆಧಾರವಿದೆ. ಮೀರಿದರೆ ಪ್ರಯೋಗಾಲಯದ ವರದಿಗೆ ಕಾಯದೆ ನೀರನ್ನು ನಿಲ್ಲಿಸಬೇಕು.

ನಿಲ್ಲಿಸಬೇಕು ಎಂದೆ; ಅದನ್ನು ಮಾಡಿ ತೋರಿಸಿದ ಊರೊಂದಿದೆ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ 1968ರಿಂದ ತನ್ನ ಚರಂಡಿ ನೀರನ್ನೇ ಶುದ್ಧಗೊಳಿಸಿ ನೇರವಾಗಿ ಕುಡಿಯುವ ನೀರಿನ ಜಾಲಕ್ಕೆ ಸೇರಿಸುತ್ತಿದೆ. 2002ರ ಹೊಸ ಘಟಕ ದಿನಕ್ಕೆ ಸುಮಾರು 2 ಕೋಟಿ ಲೀಟರ್ ಕೊಡುತ್ತದೆ. ಓಝೋನ್, ಇದ್ದಿಲು, ಸೂಕ್ಷ್ಮ ಪೊರೆ, ಕ್ಲೋರಿನ್ ಹೀಗೆ ಒಂದರ ಹಿಂದೆ ಒಂದು ತಡೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಎರಡು ಸಂಗತಿ. ಕಾರ್ಖಾನೆಗಳ ತ್ಯಾಜ್ಯ ಆ ಘಟಕದತ್ತ ಬಾರದಂತೆ ಮೊದಲೇ ಬೇರ್ಪಡಿಸಿದ್ದಾರೆ. ಮತ್ತೆ, ಗುಣಮಟ್ಟ ತಪ್ಪಿದ ಕ್ಷಣ ನೀರು ಊರಿಗೆ ಹೋಗುವುದಿಲ್ಲ, ಘಟಕದೊಳಗೇ ಸುತ್ತುತ್ತದೆ. ನಮ್ಮ ಯೋಜನೆಗಳಲ್ಲಿ ನೀರು ಬಿಡುವುದಕ್ಕೆ ಸಮಾರಂಭ ಇದೆ, ಬಾಗಿನ ಇದೆ. ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಕೇಳಿದರೆ ಕಡತ ಇಲಾಖೆಯಿಂದ ಇಲಾಖೆಗೆ ಓಡಾಡುತ್ತದೆ.

ಇನ್ನು ಯಾವುದಕ್ಕೆ ಬಳಸುವ ನೀರು ಎಂಬ ಪ್ರಶ್ನೆ. ಇದರಲ್ಲಿ ಜಗತ್ತು ಎರಡು ದಾರಿ ಹಿಡಿದಿದೆ. ಕ್ಯಾಲಿಫೋರ್ನಿಯಾದವರು ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ಮರುಬಳಕೆ ನೀರಿನ 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮಿನ ಏಳು ದಿನಗಳ ಮಧ್ಯಾಂಕ 2.2 ಮೀರಬಾರದು ಎಂದು ನಿಯಮ ಮಾಡಿದರು. ಕ್ಲೋರಿನ್ ಜೊತೆ ಕನಿಷ್ಠ 90 ನಿಮಿಷ ಇರಬೇಕು ಎಂದೂ ಗೊತ್ತುಮಾಡಿದರು. ಅಂದರೆ ಎಲ್ಲ ಸೊನ್ನೆಗಳನ್ನೂ ಘಟಕದಲ್ಲೇ ಅಳಿಸಿಬಿಡುವುದು. ದುಡ್ಡಿದ್ದವರ ದಾರಿ ಇದು. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಅಂಥದ್ದೇ ಬಳಕೆಗೆ ಸಾವಿರ ಮಲಮೂಲದ ಕೋಲಿಫಾರ್ಮಿನ ಮಿತಿ ಸಾಕು ಎಂದಿತು. ಎರಡರ ನಡುವೆ ನಾನೂರು ಪಟ್ಟಿಗೂ ಮೀರಿದ ಅಂತರ! ಈ ಬಗ್ಗೆ ವಿದ್ವಾಂಸರು ವರ್ಷಗಟ್ಟಲೆ ಕಾದಾಡಿದರು. ಕೊನೆಗೆ 2006ರಲ್ಲಿ ಸಂಸ್ಥೆ ಲೆಕ್ಕವನ್ನೇ ಬದಲಿಸಿತು. ಚರಂಡಿಯಿಂದ ತಟ್ಟೆಯವರೆಗಿನ ದಾರಿಯಲ್ಲಿ ರೋಗಾಣುಗಳ ಆರೇಳು ಸೊನ್ನೆ ಅಳಿಯಬೇಕು. ಎಲ್ಲಿ ಎಷ್ಟು ಅಳಿಸುತ್ತೀರಿ ಎಂಬುದು ನಿಮ್ಮ ಆಯ್ಕೆ ಎಂದಿತು.

ಕೋಲಾರದ ರೈತರಿಗೆ ಈ ಲೆಕ್ಕ ತುಂಬ ಉಪಯೋಗದ್ದು, ಸ್ವಲ್ಪ ಕಿವಿಗೊಡಿ. ಕಡ್ಡಿ ಕಟ್ಟಿ ಎತ್ತರಕ್ಕೆ ಬೆಳೆಸಿದ ಟೊಮೇಟೊಗೆ ಡ್ರಿಪ್‌ನಲ್ಲಿ ನೀರು ಕೊಟ್ಟರೆ ಹಣ್ಣು ನೆಲ ಮುಟ್ಟುವುದಿಲ್ಲ, ನೀರು ಹಣ್ಣನ್ನು ಮುಟ್ಟುವುದಿಲ್ಲ. ಆ ಒಂದು ಕ್ರಮಕ್ಕೇ ಸಂಸ್ಥೆಯ ಪಟ್ಟಿಯಲ್ಲಿ ನಾಲ್ಕು ಸೊನ್ನೆ. ನೆಲಕ್ಕೆ ಹತ್ತಿದ ಬೆಳೆಗೆ ಡ್ರಿಪ್ ಕೊಟ್ಟರೆ ಎರಡೇ. ಕೊಯ್ಲಿಗೆ ಮುನ್ನ ನೀರು ನಿಲ್ಲಿಸಿದರೆ ಬಿಸಿಲಿಗೆ, ಒಣಗಾಳಿಗೆ ದಿನಕ್ಕೆ ಅರ್ಧದಿಂದ ಎರಡು ಸೊನ್ನೆ ತಾನಾಗಿಯೇ ಅಳಿಯುತ್ತದೆ. ಮನೆಯಲ್ಲಿ ತೊಳೆದರೆ ಒಂದು, ಸಿಪ್ಪೆ ಸುಲಿದರೆ ಎರಡು, ಬೇಯಿಸಿದರೆ ಆರೇಳು. ರಾಗಿಗೆ, ಹಿಪ್ಪುನೇರಳೆಗೆ, ಮಾವಿಗೆ ಈ ಭಯ ಬಹಳ ಕಡಿಮೆ. ಒಂದು ಬೆಂದು ಮುದ್ದೆಯಾಗುತ್ತದೆ, ಇನ್ನೊಂದನ್ನು ಹುಳು ತಿನ್ನುತ್ತದೆ, ಮತ್ತೊಂದು ಮರದ ಮೇಲಿರುತ್ತದೆ. ಭಯ ಪಡಬೇಕಾದದ್ದು ಕೊತ್ತಂಬರಿ, ಪುದೀನ, ಮೂಲಂಗಿ, ಸೌತೆ, ಕ್ಯಾರೆಟ್ಟಿಗೆ. ನೀರು ಎಲೆಯ ಮೇಲೇ ಬೀಳುತ್ತದೆ ಇಲ್ಲವೇ ಕಾಯಿಗೆ ತಾಗುತ್ತದೆ, ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನ ಕೋಸಂಬರಿಯಲ್ಲಿರುತ್ತದೆ. ಈ ದಾರಿಯಲ್ಲಿ ಸೊನ್ನೆ ಅಳಿಸುವವರೇ ಇಲ್ಲ.

ಇದಕ್ಕೆ ಚಿಲಿ ದೇಶದ ಸ್ಯಾಂಟಿಯಾಗೊ ನಗರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1970–80ರ ದಶಕಗಳಲ್ಲಿ ಅಲ್ಲಿ ಟೈಫಾಯ್ಡ್ ಬಿಡದೆ ಕಾಡಿತು. ಕುಡಿಯುವ ನೀರು ಚೆನ್ನಾಗಿಯೇ ಇತ್ತು. ನಗರದ ಚರಂಡಿ ನೀರನ್ನು ಹಾಗೇ ಹಾಯಿಸಿ ಬೆಳೆದ ಸೊಪ್ಪು ತರಕಾರಿಯನ್ನು ಜನ ಹಸಿಯಾಗಿ ತಿನ್ನುತ್ತಿದ್ದರು. 1991ರಲ್ಲಿ ಕಾಲರಾ ದಕ್ಷಿಣ ಅಮೆರಿಕಕ್ಕೆ ಕಾಲಿಟ್ಟಾಗ ಸರ್ಕಾರ ಹೆದರಿ, ಅಂಥ ನೀರಿನಲ್ಲಿ ಹಸಿ ತಿನ್ನುವ ತರಕಾರಿ ಬೆಳೆಯುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿತು. ಕಾಲರಾ ಹಬ್ಬಲಿಲ್ಲ. ಜೊತೆಗೆ ಟೈಫಾಯ್ಡೂ ಕುಸಿದುಬಿತ್ತು. ಆ ನೀರಿಗೆ ದೊಡ್ಡ ಸಂಸ್ಕರಣಾ ಘಟಕಗಳು ಬಂದದ್ದು ಆಮೇಲೆ. ಬೆಳೆ ಬದಲಿಸಿದ್ದರಿಂದಲೇ ಅಷ್ಟು ಕೆಲಸವಾಗಿತ್ತು.

ನಮ್ಮಲ್ಲಿ ಹುಬ್ಬಳ್ಳಿ–ಧಾರವಾಡದ ಸುತ್ತ ರೈತರು ದಶಕಗಳಿಂದ ಚರಂಡಿ ನಾಲೆಗೆ ಪಂಪ್ ಇಟ್ಟು ಬೇಸಾಯ ಮಾಡಿದ್ದಾರೆ. ವೃಷಭಾವತಿಯ ಕೆಳಗೆ ಬೈರಮಂಗಲದ ಕಡೆಯೂ ಹಾಗೆಯೇ. ಗೊಬ್ಬರದ ಖರ್ಚು ಉಳಿಯುತ್ತದೆ, ವರ್ಷವಿಡೀ ನೀರು ಸಿಗುತ್ತದೆ. ಮರುಬಳಕೆ ಬೇಡ ಎಂದು ಸಭೆಯಲ್ಲಿ ಗುಡುಗುವವರು ಇದನ್ನು ನೆನಪಿಡಬೇಕು. ಸಂಸ್ಕರಿಸಿದ ನೀರು ಬೇಡವೆಂದರೆ ಅದರ ಜಾಗಕ್ಕೆ ಕಾವೇರಿ ಬರುವುದಿಲ್ಲ, ಸಂಸ್ಕರಿಸದ ಕೊಳಚೆ ಬರುತ್ತದೆ.

ಈಗ ನೆಲದೊಳಗಿನ ಮಾತು. ಕೆ.ಸಿ. ವ್ಯಾಲಿ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಕೆರೆಗೆ ಪಂಪ್ ಇಟ್ಟು ನೇರವಾಗಿ ಎತ್ತಬಾರದು ಎಂಬುದು ಸರ್ಕಾರದ ನಿಯಮ. ಅದರ ಹಿಂದಿರುವ ನಂಬಿಕೆ, ಮಣ್ಣು ಸೋಸುತ್ತದೆ ಎಂಬುದು. ನಂಬಿಕೆ ಸುಳ್ಳಲ್ಲ. ಕೆರೆಯಲ್ಲಿ ನಿಂತ ನೀರಿನ ಬ್ಯಾಕ್ಟೀರಿಯಾ ಬಿಸಿಲಿಗೆ ಸಾಯುತ್ತವೆ. ಮರಳು, ಮಣ್ಣಿನ ಪದರದಲ್ಲಿ ಇಳಿಯುವಾಗ ಅಂಟಿಕೊಂಡು ಉಳಿಯುತ್ತವೆ. ನೆಲದ ಕತ್ತಲಲ್ಲಿ ಆಹಾರವಿಲ್ಲದೆ ಸಾಯುತ್ತವೆ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ ನೀರು 50 ದಿನಗಳಲ್ಲಿ ಹರಿದು ಬರುವಷ್ಟು ಜಾಗವನ್ನು ರಕ್ಷಿತ ವಲಯ ಮಾಡಿದ್ದಾರೆ. ರೋಗ ತರುವ ಬ್ಯಾಕ್ಟೀರಿಯಾ ಅಷ್ಟು ದಿನ ಬದುಕಿ ಬರುವುದು ಕಷ್ಟ ಎಂಬುದು ಅದರ ಲೆಕ್ಕ.

ಆದರೆ ಜರ್ಮನಿಯ ಆ ಲೆಕ್ಕ ಮರಳು–ಜಲ್ಲಿಯ ನೆಲದ್ದು. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಮೇಲೆ ಶಿಥಿಲಗೊಂಡ ಪದರ, ಕೆಳಗೆ ಬಂಡೆ, ಬಂಡೆಯಲ್ಲಿ ಬಿರುಕು. ಮೇಲಿನ ಪದರ ದಪ್ಪವಾಗಿದ್ದ ಕಡೆ ಸೋಸುವಿಕೆ ಚೆನ್ನಾಗಿ ಆಗುತ್ತದೆ. ತೆಳುವಾಗಿದ್ದು ಬಿರುಕು ನೇರವಾಗಿ ಕೆರೆಯಂಗಳಕ್ಕೆ ಬಾಯಿ ತೆರೆದಿದ್ದರೆ ನೀರು ಸೋಸದೆ ಓಡುತ್ತದೆ. 50 ದಿನದ ದಾರಿ ಐದು ದಿನದ್ದಾಗಬಹುದು. ಬಾಯಿಗೆ ಕೇಸಿಂಗ್ ಸರಿಯಿಲ್ಲದ ಕೊಳವೆ ಬಾವಿಯ ಪಕ್ಕದಲ್ಲೇ ಮಳೆಗಾಲದ ನೀರು ಒಳಗಿಳಿಯುವುದಂತೂ ನಿತ್ಯದ ಮಾತು. ಹಾಗಾಗಿ ಒಂದೇ ಕೆರೆಯ ಎರಡು ದಡದ ಎರಡು ಬಾವಿಗಳಲ್ಲಿ ಒಂದು ಶುದ್ಧ, ಇನ್ನೊಂದು ಮಲಿನ ಆಗಿರುವುದು ಸಾಧ್ಯ. ಅಂತರ್ಜಲ ಮಟ್ಟ ಎಷ್ಟು ಅಡಿ ಏರಿತು ಎಂಬ ಅಂಕಿಯನ್ನು ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ಆ ಏರಿದ ನೀರನ್ನು ಮನೆಮಂದಿ ಕುಡಿಯುತ್ತಿದ್ದರೆ ಬಾವಿ ಬಾವಿಯ ಇ. ಕೋಲಿ ಲೆಕ್ಕವೂ ಅದರ ಜೊತೆಗೇ ಹೇಳಬೇಕು.

ನಗರಕ್ಕೆ ಇನ್ನೊಂದು ಬಗೆಯ ಅಪಾಯವಿದೆ, ಬೇಗ ಹೇಳಿ ಮುಗಿಸುತ್ತೇನೆ. 2024ರ ನೀರಿನ ಬರದಲ್ಲಿ ಬೆಂಗಳೂರಿನಲ್ಲಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ ದಂಡ ಎಂದಾಯಿತು. ಸಂಸ್ಕರಿಸಿದ ನೀರಿಗೆ ಬೇಡಿಕೆ ಬಂತು. ಒಳ್ಳೆಯದೇ. ಆದರೆ ಸಂಸ್ಕರಿಸಿದ ನೀರಿನಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರ ಉಳಿದಿರುತ್ತದೆ. ಟೆರೇಸಿನ ಬೆಚ್ಚಗಿನ ಟ್ಯಾಂಕಿನಲ್ಲಿ ನಿಂತರೆ ಕ್ಲೋರಿನ್ ಆರುತ್ತದೆ, ಉಳಿದವು ಮತ್ತೆ ಬೆಳೆಯುತ್ತವೆ, ಪೈಪಿನ ಒಳಗೋಡೆಗೆ ಲೋಳೆಯ ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಬದುಕುವ ಲೀಜಿಯೊನೆಲ್ಲಾ ಎಂಬುದು ಮಲದಿಂದ ಬಂದದ್ದಲ್ಲ, ಹಾಗಾಗಿ ಇ. ಕೋಲಿ ವರದಿ ಅದರ ಸುಳಿವು ಕೊಡುವುದಿಲ್ಲ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರ ಸಮ್ಮೇಳನದಲ್ಲಿ ನೂರೆಂಬತ್ತಕ್ಕೂ ಹೆಚ್ಚು ಜನ ನ್ಯುಮೋನಿಯಾದಿಂದ ಮಲಗಿದರು, 29 ಮಂದಿ ತೀರಿಕೊಂಡರು. ಮುಂದಿನ ವರ್ಷ ಕಾರಣವಾದ ಈ ಬ್ಯಾಕ್ಟೀರಿಯಾ ಪತ್ತೆಯಾಯಿತು. ಇದನ್ನು ಕುಡಿದರೆ ಅಷ್ಟು ಅಪಾಯವಿಲ್ಲ. ಸ್ಪ್ರಿಂಕ್ಲರ್, ಕಾರಂಜಿ, ಏರ್ ಕಂಡೀಷನ್ ಕೂಲಿಂಗ್ ಟವರಿನ ತುಂತುರಿನಲ್ಲಿ ಉಸಿರಿಗೆ ಸೇರಿದರೆ ಶ್ವಾಸಕೋಶ ಹಿಡಿಯುತ್ತದೆ. ಮರುಬಳಕೆ ನೀರಿನಲ್ಲಿ ಕಾರಂಜಿ ಹಾರಿಸುವ ಉತ್ಸಾಹ ಇದ್ದವರು ಟ್ಯಾಂಕ್ ತೊಳೆಯುವ, ಕ್ಲೋರಿನ್ ಉಳಿಸುವ ಶಿಸ್ತನ್ನೂ ಇಟ್ಟುಕೊಳ್ಳಲಿ.

ಇದರ ಜೊತೆ ಪ್ಲಂಬರಿನ ತಪ್ಪು. ಎರಡು ಪೈಪಿನ ಮನೆಗಳಲ್ಲಿ ಒಂದು ಜೋಡಣೆ ಅದಲುಬದಲಾದರೆ ಫ್ಲಶ್ಶಿನ ನೀರು ಅಡುಗೆಮನೆಗೆ ಬರುತ್ತದೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ಬಳಿಯ ಹೊಸ ಬಡಾವಣೆಯೊಂದರಲ್ಲಿ 2001ರ ಕೊನೆಗೆ ಹೀಗಾಯಿತು. ಅಲ್ಲಿಯದು ಚರಂಡಿ ನೀರೂ ಅಲ್ಲ, ಅರೆ ಶುದ್ಧಗೊಳಿಸಿದ ನದಿ ನೀರು; ಆದರೂ ಜನ ವಾಂತಿಭೇದಿಯಿಂದ ನರಳಿದರು. ಇಡೀ ದೇಶದಲ್ಲಿ ದೊಡ್ಡ ಪ್ರಮಾಣದ ಅಂಥ ಜೋಡಿ ಪೂರೈಕೆಯನ್ನೇ ಸರ್ಕಾರ ಕೈಬಿಟ್ಟಿತು. ಡಚ್ಚರು ನೀರಿನ ಕೆಲಸದಲ್ಲಿ ದಡ್ಡರಲ್ಲ. ಪೈಪಿಗೆ ಬೇರೆ ಬಣ್ಣ, ನಲ್ಲಿಗೆ ಬೇರೆ ಗಾತ್ರ, ಪ್ರತಿ ರಿಪೇರಿಯ ನಂತರ ಜೋಡಣೆಯ ಪರೀಕ್ಷೆ ಇವು ಸಣ್ಣ ವಿಷಯಗಳಂತೆ ಕಂಡರೂ ಜೀವ ಕಾಯುವುದು ಇವೇ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಬಗ್ಗೆ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಆಸ್ಪತ್ರೆಯ ಚರಂಡಿ, ಮನೆಯ ಚರಂಡಿ ಎಲ್ಲ ಒಂದೇ ತೊಟ್ಟಿಯಲ್ಲಿ ಸೇರುವ ಎಸ್‌ಟಿಪಿ, ಬ್ಯಾಕ್ಟೀರಿಯಾಗಳು ಪ್ರತಿರೋಧದ ಜೀನುಗಳನ್ನು ಪರಸ್ಪರ ಹಂಚಿಕೊಳ್ಳುವ ಜಾಗವೂ ಹೌದು. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದು ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿಯ 50 ಮಾದರಿಗಳಲ್ಲಿ ಎರಡರಲ್ಲಿ ಎನ್‌ಡಿಎಂ–1 ಎಂಬ ಪ್ರತಿರೋಧದ ಜೀನನ್ನು ಕಂಡಿತು. ಕೋಲಿಫಾರ್ಮ್ 230ರೊಳಗೆ ಇದ್ದರೂ ಆ 230ರಲ್ಲಿ ಯಾವುದರ ಕೈಯಲ್ಲಿ ಯಾವ ಜೀನು ಇದೆ ಎಂದು ನಮ್ಮ ಯಾವ ಮಾನದಂಡವೂ ಕೇಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಗಳ ತ್ಯಾಜ್ಯ ನೀರನ್ನು ಅಲ್ಲಲ್ಲೇ ಸೋಂಕುಮುಕ್ತ ಮಾಡಿ ಬಿಡುವುದು ಅದರ ಮೊದಲ ಹೆಜ್ಜೆ.

ಈ ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಮೂರನೇ ಹಂತದ ಸಂಸ್ಕರಣೆ, ಅಂದರೆ ಎರಡನೇ ಹಂತದ ನೀರನ್ನು ಮತ್ತೆ ಸೋಸಿ ಸೋಂಕು ಕಳೆಯುವುದು. ಬೇಡಿಕೆ ನ್ಯಾಯವಾದದ್ದು. ಎರಡನೇ ಹಂತದ ನೀರಿನ ಸೊನ್ನೆಗಳ ಲೆಕ್ಕ ಕೇಳಿದಿರಿ, ಅದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ. ಆದರೆ ಮೂರನೇ ಹಂತ ಎಂಬ ಫಲಕ ಹಾಕಿದ ಕಟ್ಟಡ ಬಂದ ಮಾತ್ರಕ್ಕೆ ನೀವು ಗೆದ್ದಿರಿ ಎಂದು ನಾನು ಹೇಳಲಾರೆ. ಕರೆಂಟ್ ಹೋದಾಗ ಏನಾಗುತ್ತದೆ, ಮಳೆಗಾಲದಲ್ಲಿ ರಾಜಕಾಲುವೆಯ ನೀರು ನುಗ್ಗಿ ಘಟಕದ ಸಾಮರ್ಥ್ಯ ಮೀರಿದಾಗ ಏನಾಗುತ್ತದೆ, ಫಿಲ್ಟರ್ ಬದಲಿಸುವ ಟೆಂಡರ್ ಆರು ತಿಂಗಳು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಉತ್ತರವಿಲ್ಲದ ಮೂರನೇ ಹಂತಕ್ಕಿಂತ, ದಿನವೂ ಅಳೆದು ದಿನವೂ ತೋರಿಸುವ ಎರಡೂವರೆ ಹಂತ ವಾಸಿ. ಆದ್ದರಿಂದ ಮುಂದಿನ ಮನವಿಪತ್ರದಲ್ಲಿ ಇಷ್ಟನ್ನು ಸೇರಿಸಿ: ನೀರು ಜಿಲ್ಲೆಯೊಳಗೆ ಬರುವ ಜಾಗದಲ್ಲಿ ಕದಡು, ಅಮೋನಿಯಾ, ಉಳಿಕೆ ಕ್ಲೋರಿನ್ ಮೀಟರುಗಳಿರಲಿ, ಅವುಗಳ ಅಂಕಿ ಕನ್ನಡದಲ್ಲಿ ಕೆರೆ ಏರಿಯ ಮೇಲೆ ಎಲ್ಲರಿಗೂ ಕಾಣಲಿ, ಮಿತಿ ಮೀರಿದ ದಿನ ಪಂಪ್ ನಿಲ್ಲಿಸುವ ಅಧಿಕಾರ ಇಂಥ ಅಧಿಕಾರಿಗೆ ಎಂದು ಹುದ್ದೆಯನ್ನು ನಮೂದಿಸಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿ ಮುಗಿಸುತ್ತೇನೆ. 1982ರಲ್ಲಿ ಮಂಜ ಮತ್ತು ಅವರ ಸಂಗಡಿಗರು ನಮ್ಮ ದೇಶದಲ್ಲೇ ರೂಪಿಸಿದ ಒಂದು ಸರಳ ಪರೀಕ್ಷೆ ಇದೆ. ಸಣ್ಣ ಬಾಟಲಿ, ಅದರಲ್ಲಿ ಔಷಧ ಹೀರಿಸಿದ ಕಾಗದದ ಪಟ್ಟಿ. ಬಾವಿಯ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಮಲದ ಬ್ಯಾಕ್ಟೀರಿಯಾ ಇದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರು ಕಪ್ಪಾಗುತ್ತದೆ. ಫ್ರಿಜ್ ಬೇಡ, ಮೈಕ್ರೋಸ್ಕೋಪ್ ಬೇಡ. ಕಪ್ಪಾದದ್ದೆಲ್ಲ ಖಂಡಿತ ಮಲಿನ ಎಂದಲ್ಲ, ಆದ್ದರಿಂದ ಕಪ್ಪಾದ ಬಾವಿಯ ನೀರನ್ನು ಇ. ಕೋಲಿ ಪರೀಕ್ಷೆಗೆ ಕಳಿಸಬೇಕು, ಫಲಿತಾಂಶ ಬರುವವರೆಗೆ ಆ ಮನೆಯವರು ನೀರನ್ನು ಕುದಿಸಿ ಕುಡಿಯಬೇಕು. ನಿಮ್ಮಲ್ಲಿ ಬಹಳ ಜನರ ಊರಿನ ಕೆರೆಗೆ ಈ ನೀರು ಬರುತ್ತಿದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನಿಮ್ಮ ಮನೆಯ ಮತ್ತು ಅಕ್ಕಪಕ್ಕದ ಬಾವಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.